ದೊಡ್ಮನೆಯ ಮಗ, ಸೀಮೆಯ ಮಗ: ಪುನೀತ್ ರಾಜ್‌ಕುಮಾರ್ ಅವರ ಬದುಕು, ನಿಲುವು ಮತ್ತು ಹೊಸಪೇಟೆ ಪರಿಸರದ ಜನಸ್ಮೃತಿ

ಕಲೆಯು ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಇಳಿದುಬರುವುದು ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಪರಿಸರದ ಜನರಿಗೆ ಹೊಸ ಸಂಗತಿಯೇನಲ್ಲ. ತೊಗಲುಗೊಂಬೆ ಆಡಿಸುವವರು, ಹಗಲುವೇಷಗಾರರು, ಬುರ್ರಕಥೆ ಹೇಳುವವರು ಇಲ್ಲಿ ಮನೆತನವಾಗಿಯೇ ಬದುಕಿ ಬಂದವರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಈ ಮಾತಿಗೆ ಎದ್ದು ಕಾಣುವ ನಿದರ್ಶನ. ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ತಂದೆ ಲಾಲಪ್ಪನವರಿಂದ ಬುರ್ರಕಥೆಯನ್ನು ಕಲಿತ ಈಕೆ ಹನ್ನೆರಡು ಜನಪದ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು. ಅವರ ಭಂಡಾರದ ಕಾವ್ಯಗಳಲ್ಲಿ ಕಂಪಿಲರಾಯನ ಮಗ ಕುಮಾರರಾಮನ ಕಾವ್ಯವೂ ಒಂದು.

ಇಂಥ ಮನೆತನಗಳಲ್ಲಿ ಮಗುವಿಗೆ ಮೊದಲು ದಕ್ಕುವುದು ಕಲೆ. ಹೆಸರು ಬರುವುದು ಆಮೇಲೆ, ಬಾರದೆಯೂ ಇರಬಹುದು. ಚಲನಚಿತ್ರದಂತಹ ಆಧುನಿಕ ಮಾಧ್ಯಮದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಪ್ರಸಿದ್ಧ ತಂದೆತಾಯಿಗೆ ಹುಟ್ಟಿದ ಮಗುವಿಗೆ ಹೆಸರು ಮೊದಲೇ ಬಂದಿರುತ್ತದೆ, ಕಲೆಯನ್ನು ಅದು ಆಮೇಲೆ ಸಂಪಾದಿಸಬೇಕಾಗುತ್ತದೆ. ಹಾಗೆ ಬಂದ ಹೆಸರನ್ನು ಕಲಾವಿದನೊಬ್ಬ ಯಾವ ಭಾವದಿಂದ ಹೊತ್ತುಕೊಂಡ, ಅವನ ನೋಡುಗರು ಅದನ್ನು ಯಾವ ಭಾವದಿಂದ ಕಂಡರು ಎಂಬುದು ಜಾನಪದ ಅಧ್ಯಯನಕ್ಕೆ ಹೊರತಾದ ಪ್ರಶ್ನೆಯಲ್ಲ. ನಟ ಪುನೀತ್ ರಾಜ್‌ಕುಮಾರ್ (1975-2021) ಅವರ ಬದುಕು ಈ ಪ್ರಶ್ನೆಯನ್ನು ಎತ್ತುತ್ತದೆ. ಅವರು ಈ ಸೀಮೆಯಲ್ಲಿ ಹುಟ್ಟಿದವರಲ್ಲ, ಇಲ್ಲಿ ಬೆಳೆದವರೂ ಅಲ್ಲ. ಆದರೂ ಹೊಸಪೇಟೆಯ ಒಂದು ವೃತ್ತದಲ್ಲಿ ಅವರ ಪ್ರತಿಮೆ ನಿಂತಿದೆ. ವಿಜಯನಗರ ಜಿಲ್ಲೆಯ ಜಿಲ್ಲಾ ಕ್ರೀಡಾಂಗಣಕ್ಕೆ ಅವರ ಹೆಸರಿದೆ. ಚಕ್ರವರ್ತಿಗಳ ರಾಜಧಾನಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಊರು ಹೀಗೆ ನಟನೊಬ್ಬನನ್ನು ತನ್ನವನೆಂದು ಬಗೆದದ್ದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಮನೆ ಮತ್ತು ರಂಗ

ಪುನೀತ್ ಅವರ ಕಲಾವಂಶಾವಳಿಯನ್ನು ಡಾ. ರಾಜ್‌ಕುಮಾರ್ ಅವರಿಂದ ಆರಂಭಿಸುವುದು ವಾಡಿಕೆ. ಅದಕ್ಕಿಂತ ಒಂದು ತಲೆಮಾರು ಹಿಂದಕ್ಕೆ ಹೋಗುವುದು ಉಚಿತ. ಅಜ್ಜ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ವೃತ್ತಿರಂಗಭೂಮಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು ಮೊದಲಾದ ಅಬ್ಬರದ ಪಾತ್ರಗಳಿಗೆ ಹೆಸರಾದವರು. ಅವರ ಮಗ ಮುತ್ತುರಾಜ (ಜನನ: 24 ಏಪ್ರಿಲ್ 1929) ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದು 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆದರು. ತಾಯಿ ಪಾರ್ವತಮ್ಮನವರು ನಟಿಯಲ್ಲ. ಆದರೆ 1975ರ ‘ತ್ರಿಮೂರ್ತಿ’ಯಿಂದ ಮೊದಲ್ಗೊಂಡು ಚಿತ್ರನಿರ್ಮಾಣದ ಲೆಕ್ಕಾಚಾರ, ಕಥೆಯ ಆಯ್ಕೆ, ಕಲಾವಿದರ ಆಯ್ಕೆ ಎಲ್ಲವನ್ನೂ ಕೈಗೆತ್ತಿಕೊಂಡ ನಿರ್ಮಾಪಕಿ. ಪುನೀತ್ ಅವರನ್ನು ‘ರಾಜ್ ಪುತ್ರ’ ಎಂದಷ್ಟೇ ಕರೆಯುವ ಪತ್ರಿಕಾ ಬರಹಗಳು ಈ ತಾಯಿಯ ಪಾಲನ್ನು ಮರೆಸಿವೆ. ಮಗ ನಟನೆಯನ್ನು ತಂದೆಯಿಂದ ಕಲಿತನೆಂದಾದರೆ, ನಟನೆಯ ಸುತ್ತಲಿನ ವ್ಯವಹಾರ ಮತ್ತು ಹೊಣೆಗಾರಿಕೆಯನ್ನು ತಾಯಿಯಿಂದ ಕಲಿತ ಎನ್ನಬೇಕಾಗುತ್ತದೆ. ಪುನೀತ್ ಮುಂದೆ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದಾಗ ಈ ಎರಡನೆಯ ಕಲಿಕೆ ಕೆಲಸಕ್ಕೆ ಬಂತು.

1975ರ ಮಾರ್ಚ್ 17ರಂದು ಮದರಾಸಿನಲ್ಲಿ ಹುಟ್ಟಿದ ಮಗುವಿಗೆ ಮೊದಲು ಇಟ್ಟ ಹೆಸರು ಲೋಹಿತ್. ಐವರು ಮಕ್ಕಳಲ್ಲಿ ಕೊನೆಯವನು. ‘ಪ್ರೇಮದ ಕಾಣಿಕೆ’ (1976) ಚಿತ್ರದಲ್ಲಿ ಕೈಗೂಸಾಗಿಯೇ ತೆರೆಯ ಮೇಲೆ ಕಾಣಿಸಿಕೊಂಡಾಯಿತು. ‘ಸನಾದಿ ಅಪ್ಪಣ್ಣ’ (1977), ‘ವಸಂತ ಗೀತ’ (1980), ‘ಭಾಗ್ಯವಂತ’ (1981), ‘ಚಲಿಸುವ ಮೋಡಗಳು’ (1982), ‘ಎರಡು ನಕ್ಷತ್ರಗಳು’ (1983) ಹೀಗೆ ಬಾಲ್ಯವೆಲ್ಲ ಚಿತ್ರೀಕರಣದ ಜಾಗಗಳಲ್ಲೇ ಕಳೆಯಿತು. ದರೋಜಿಯ ಗುಡಿಸಿಲಿನ ಮಗು ತಂದೆಯ ಪಕ್ಕದಲ್ಲಿ ಕುಳಿತು ಸೊಲ್ಲಿಗೆ ಸೊಲ್ಲು ಸೇರಿಸುತ್ತಾ ಕಲಿಯುವ ವಿಧಾನಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಎರಡರಲ್ಲೂ ಪಾಠಶಾಲೆ ಬೇರೆ, ರಂಗ ಬೇರೆ ಎಂಬ ಭೇದವಿಲ್ಲ.

ಈ ಕಾಲದ ಎರಡು ಪಾತ್ರಗಳನ್ನು ಸ್ವಲ್ಪ ನಿಂತು ನೋಡಬೇಕು. ಮೊದಲನೆಯದು 1983ರ ‘ಭಕ್ತ ಪ್ರಹ್ಲಾದ’. ತಂದೆ ಹಿರಣ್ಯಕಶಿಪು, ಮಗ ಪ್ರಹ್ಲಾದ. ಅಜ್ಜ ಕಂಪನಿಯ ರಂಗದ ಮೇಲೆ ಮೆರೆಸಿದ ಪಾತ್ರವನ್ನು ತಂದೆ ತೆರೆಯ ಮೇಲೆ ಮಾಡಿದರು. ಅದರ ಎದುರು ಮೊಮ್ಮಗ ನಿಂತ. ಬಳ್ಳಾರಿ ಸೀಮೆಯ ದೊಡ್ಡಾಟ ನೋಡಿದವರಿಗೆ ಈ ಚಿತ್ರದ ರಾಕ್ಷಸಪಾತ್ರ ಪರಕೀಯವೆನಿಸದು. ಭುಜಕೀರ್ತಿ, ಕಿರೀಟ, ಹೆಜ್ಜೆಯ ತೂಕ, ಮಾತಿನ ಏರು ಇವೆಲ್ಲ ಬಯಲಾಟದ ರಾಕ್ಷಸಪಾತ್ರದ ಸೋದರಸಂಬಂಧಿಗಳೇ. ಹಳ್ಳಿಯ ನೋಡುಗರು ಈ ಚಿತ್ರವನ್ನು ನೋಡಿದ್ದು ಆಟದ ಕಣ್ಣಿನಿಂದ. ಇಲ್ಲಿ ಒಂದು ಸೋಜಿಗವೂ ಉಂಟು. ತಂದೆಯ ಮಾತನ್ನು ಮೀರದ ಮಗ ಎಂದು ನಾಡು ಕೊಂಡಾಡಿದ ನಟ ಬಾಲ್ಯದಲ್ಲಿ ಮನಮುಟ್ಟುವಂತೆ ಅಭಿನಯಿಸಿದ್ದು ತಂದೆಯ ಆಜ್ಞೆಯನ್ನು ಧಿಕ್ಕರಿಸಿದ ಮಗನ ಪಾತ್ರವನ್ನು.

ಎರಡನೆಯದು 1988ರ ‘ಶಿವ ಮೆಚ್ಚಿದ ಕಣ್ಣಪ್ಪ’. ಇದರಲ್ಲಿ ಅಣ್ಣ ಶಿವರಾಜ್‌ಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ದಿಣ್ಣ, ತಂದೆ ಸ್ವತಃ ಶಿವ. ಮೂವತ್ತನಾಲ್ಕು ವರ್ಷಗಳ ಹಿಂದೆ ಕಣ್ಣಪ್ಪನಾಗಿ ತಮ್ಮ ಕಣ್ಣನ್ನು ಶಿವನಿಗೆ ಅರ್ಪಿಸಿದ ನಟ ಈಗ ಆ ಅರ್ಪಣೆಯನ್ನು ಸ್ವೀಕರಿಸುವ ಪಾತ್ರದಲ್ಲಿದ್ದರು. ವಾಲ್ಮೀಕಿ ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಈ ಸೀಮೆಯಲ್ಲಿ ಬೇಡರ ಕಣ್ಣಪ್ಪ ಕೇವಲ ಪುರಾಣದ ವ್ಯಕ್ತಿಯಲ್ಲ, ಸ್ವಂತ ಕುಲದ ಹಿರಿಯ. ಕಣ್ಣಿನ ಈ ಕಥೆಗೆ ಲೇಖನದ ಕೊನೆಯ ಭಾಗದಲ್ಲಿ ಮತ್ತೆ ಬರಬೇಕಾಗುತ್ತದೆ.

ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ (1985) ಪುನೀತ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ತಂದಿತು. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬಡಹುಡುಗ ರಾಮು ಬೆಟ್ಟದ ಹೂಗಳನ್ನು ತಂದು ಮಾರಿ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಅವನು ಕೊಳ್ಳುವುದು ಮನೆಯವರಿಗೆ ಹೊದೆಯಲು ಕಂಬಳಿ. ತನ್ನ ಆಸೆಯನ್ನು ಹಿಂದಿಟ್ಟು ಮನೆಯನ್ನು ಮುಂದಿಡುವ ಈ ಹುಡುಗನ ಚಿತ್ರ ನೋಡುಗರ ಮನಸ್ಸಿನಲ್ಲಿ ಪುನೀತ್ ಅವರ ಚಿತ್ರವಾಗಿಯೇ ಉಳಿಯಿತು. 1989ರ ‘ಪರಶುರಾಮ್’ ನಂತರ ಅವರು ಹದಿಮೂರು ವರ್ಷ ನಟನೆಯಿಂದ ದೂರವಿದ್ದರು. 2002ರ ಏಪ್ರಿಲ್‌ನಲ್ಲಿ ತಾಯಿಯೇ ನಿರ್ಮಿಸಿದ ‘ಅಪ್ಪು’ ಚಿತ್ರದಿಂದ ನಾಯಕನಟನಾಗಿ ಹಿಂದಿರುಗಿದರು. ಮನೆಯವರು ಕರೆಯುವ ಹೆಸರೇ ಚಿತ್ರದ ಹೆಸರಾಯಿತು. ಅಲ್ಲಿಂದ ಮುಂದೆ ನಾಡಿನವರೂ ಅದೇ ಹೆಸರಿನಿಂದ ಕರೆದರು. ಮನೆಯ ಒಳಗಿನ ಹೆಸರು ಬೀದಿಯ ಹೆಸರಾಗುವುದು ಸಣ್ಣ ಸಂಗತಿಯಲ್ಲ. ನಟನನ್ನು ನೋಡುಗರು ಮನೆಮಗನಂತೆ ಏಕವಚನದಲ್ಲಿ ಕರೆಯಲು ಅದು ಕೊಟ್ಟ ಅನುಮತಿ.

ಮನೆದೇವರು ಎಂಬ ಮಾತು

ನಾಯಕನಟನಾದ ಮೇಲೆ ಅವರ ಚಿತ್ರಗಳ ಹೆಸರುಗಳೇ ವಂಶದ ಮಾತನ್ನು ಆಡತೊಡಗಿದವು: ‘ಅರಸು’ (2007), ‘ರಾಜ್’ (2009), ‘ದೊಡ್ಮನೆ ಹುಡ್ಗ’ (2016), ‘ರಾಜಕುಮಾರ’ (2017), ತಂದೆಯ ಬಿರುದನ್ನೇ ಹೊತ್ತ ‘ನಟಸಾರ್ವಭೌಮ’ (2019). ಇದರಲ್ಲಿ ಮಾರುಕಟ್ಟೆಯ ಜಾಣತನವಿದೆ ಎಂಬುದನ್ನು ಅಲ್ಲಗಳೆಯಲಾಗದು. ತಂದೆಯ ಹೆಸರನ್ನು ಹೀಗೆ ಮತ್ತೆ ಮತ್ತೆ ಪೋಸ್ಟರಿಗೆ ಅಂಟಿಸುವುದು ಅಗತ್ಯವಿತ್ತೇ ಎಂದು ಕೇಳುವವರ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಕಥೆಗಳ ಒಳಗೆ ಹೊಕ್ಕರೆ ಬೇರೆಯದೇ ವಿನ್ಯಾಸ ಕಾಣುತ್ತದೆ. ‘ಅರಸು’ ಚಿತ್ರದ ಸಿರಿವಂತ ಯುವಕ ಪಿತ್ರಾರ್ಜಿತವನ್ನು ಬದಿಗಿಟ್ಟು, ದುಡಿದು ತಿಂದು ತೋರಿಸಬೇಕಾದ ಸವಾಲಿಗೆ ಸಿಲುಕುತ್ತಾನೆ. ‘ರಾಜಕುಮಾರ’ದಲ್ಲಿ ವೃದ್ಧಾಶ್ರಮದ ಹಿರಿಯರಿಗೆ ನಾಯಕ ಮಗನಾಗುತ್ತಾನೆ, 1971ರ ‘ಕಸ್ತೂರಿ ನಿವಾಸ’ದ ಬೊಂಬೆ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದ ಸಿಕ್ಕ ಸ್ಥಾನವನ್ನು ಬಿಟ್ಟುಕೊಟ್ಟು, ಸೇವೆಯಿಂದ ಮತ್ತೆ ಗಳಿಸಿಕೊಳ್ಳುವ ಅರಸುಮಗನ ಕಥೆ ಜನಪದ ಕಥಾಲೋಕಕ್ಕೆ ಬಹು ಹಳೆಯದು. ದೇಶಾಂತರ ಹೋದ ರಾಜಕುಮಾರ ಕೂಲಿಯಾಗಿ, ದನಕಾಯುವವನಾಗಿ ದುಡಿದು ಹಿಂದಿರುಗುವ ಕಥೆಯನ್ನು ಕೇಳದ ಅಜ್ಜಿಯ ಮೊಮ್ಮಗ ಯಾರಿದ್ದಾನೆ?

ಈ ಸೀಮೆಗೂ ಅವರಿಗೂ ತೆರೆಯ ಮೇಲೆ ನೇರ ನಂಟು ಬೆಳೆದದ್ದು 2010ರ ‘ಪೃಥ್ವಿ’ ಚಿತ್ರದಲ್ಲಿ. ಜೇಕಬ್ ವರ್ಗೀಸ್ ನಿರ್ದೇಶಿಸಿದ ಈ ಚಿತ್ರದಲ್ಲಿ ಪುನೀತ್ ಗಣಿ ದಂಧೆಯನ್ನು ಎದುರಿಸುವ ಬಳ್ಳಾರಿಯ ಜಿಲ್ಲಾಧಿಕಾರಿ. ಸಂಡೂರು, ಹೊಸಪೇಟೆಗಳ ರಸ್ತೆಗಳು ಅದಿರಿನ ಲಾರಿಗಳಿಂದ ಕೆಂಧೂಳಾಗಿದ್ದ ಕಾಲ ಅದು. ಲೋಕಾಯುಕ್ತದ ಎರಡನೆಯ ವರದಿ ಬಂದದ್ದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ್ದು ಮುಂದಿನ ವರ್ಷ, 2011ರ ಜುಲೈನಲ್ಲಿ. ಊರಿನ ಜನ ಬಾಯಿಬಿಟ್ಟು ಆಡಲಾಗದಿದ್ದ ಮಾತನ್ನು ಜನಪ್ರಿಯ ನಟನೊಬ್ಬ ತೆರೆಯ ಮೇಲೆ ಆಡಿದ್ದ. ಅದು ಸಿನಿಮಾದ ಪರಿಹಾರ ಮಾತ್ರ, ನಿಜ. ಧೂಳು ಕುಡಿದವರಿಗೆ ಅಷ್ಟಾದರೂ ಸಮಾಧಾನ ಬೇಕಿತ್ತು.

ಎರಡನೆಯ ನಂಟು ‘ದೊಡ್ಮನೆ ಹುಡ್ಗ’ ಚಿತ್ರದ್ದು. ಅಭಿಮಾನಿಗಳನ್ನು ಮನೆದೇವರೆಂದು ಕೊಂಡಾಡುವ ಅದರ ಹಾಡನ್ನು ಹೊಸಪೇಟೆಯಲ್ಲಿ, ಸಾವಿರಾರು ಅಭಿಮಾನಿಗಳ ನಡುವೆಯೇ ಚಿತ್ರಿಸಲಾಯಿತು. ‘ಅಭಿಮಾನಿ ದೇವರುಗಳೇ’ ಎಂದು ಸಭೆಯನ್ನು ಸಂಬೋಧಿಸುವ ರೂಢಿ ರಾಜ್‌ಕುಮಾರ್ ಅವರದು. ಈ ಸಂಬೋಧನೆಯನ್ನು ವಿನಯದ ಮಾತೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಜಾನಪದದ ದೃಷ್ಟಿಯಿಂದ ಅದಕ್ಕೆ ಇನ್ನೂ ಆಳವಾದ ಅರ್ಥವಿದೆ. ಮನೆದೇವರಿಗೂ ಮನೆತನಕ್ಕೂ ಇರುವುದು ದೇವರು-ಒಕ್ಕಲು ಸಂಬಂಧ. ಒಕ್ಕಲಾದವನು ವರ್ಷಕ್ಕೊಮ್ಮೆಯಾದರೂ ದೇವರ ಸನ್ನಿಧಿಗೆ ಹೋಗಿ ಕಾಣಿಕೆ ಒಪ್ಪಿಸಬೇಕು, ತಪ್ಪಿದರೆ ಕಾಟ. ನಟನನ್ನು ದೇವರಾಗಿಸಿ ನೋಡುಗರನ್ನು ಭಕ್ತರಾಗಿಸುವುದು ಚಿತ್ರರಂಗದ ಸಾಮಾನ್ಯ ಕ್ರಮವಾದರೆ, ರಾಜ್‌ಕುಮಾರ್ ಅವರ ಮಾತು ಅದನ್ನು ತಿರುಗಿಸಿತು. ಅಲ್ಲಿ ನಟ ಒಕ್ಕಲು; ನೋಡುಗ ದೇವರು.

ತಂದೆಗೆ ಇದು ತಾನೇ ಆಯ್ದುಕೊಂಡ ಮಾತು, ಕಷ್ಟದಿಂದ ಮೇಲೆ ಬಂದವನ ಕೃತಜ್ಞತೆ. ಮಗನ ವಿಷಯ ಹಾಗಲ್ಲ. ಮನೆದೇವರನ್ನು ಯಾರೂ ಆಯ್ದುಕೊಳ್ಳುವುದಿಲ್ಲ. ಹುಟ್ಟಿನೊಂದಿಗೆ ಅದು ಬಂದಿರುತ್ತದೆ, ಜೊತೆಗೆ ಹಿರಿಯರು ಹೊತ್ತ ಹರಕೆಯ ಬಾಕಿಯೂ ಬಂದಿರುತ್ತದೆ. ಪುನೀತ್ ಅವರ ಜೀವನದೃಷ್ಟಿಯನ್ನು ಅರಿಯಲು ಇದೇ ಬೀಗದ ಕೈ. ತಂದೆತಾಯಿಯ ಕೀರ್ತಿಯನ್ನು ಅವರು ಆಸ್ತಿ ಎಂದು ಬಗೆದಂತೆ ಕಾಣುವುದಿಲ್ಲ, ಋಣವೆಂದು ಬಗೆದರು. ಹಿನ್ನೆಲೆ ಗಾಯನದಿಂದ ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಡುವುದು, ತಂದೆಯಂತೆಯೇ ಸಂಭಾವನೆ ಪಡೆಯದೆ ನಂದಿನಿ ಹಾಲಿನ ಪ್ರಚಾರಕ್ಕೆ ನಿಲ್ಲುವುದು, ನೊಂದ ಹೆಣ್ಣುಮಕ್ಕಳಿಗಾಗಿ ತಂದೆತಾಯಿ ಬೆಂಬಲಿಸಿ ಬೆಳೆಸಿದ ಮೈಸೂರಿನ ಶಕ್ತಿಧಾಮದ ಜೊತೆಗಿರುವುದು ಇವೆಲ್ಲ ಕಾಣಿಕೆಯ ಸ್ವರೂಪದವು. 2012ರಲ್ಲಿ ಆರಂಭವಾದ ‘ಕನ್ನಡದ ಕೋಟ್ಯಧಿಪತಿ’ ಕಾರ್ಯಕ್ರಮದಲ್ಲಿ ಅವರ ಎದುರಿಗೆ ಕುಳಿತವರು ಬಹುಪಾಲು ಹಳ್ಳಿ-ಪೇಟೆಗಳ ಸಾಮಾನ್ಯರು. ಅವರ ಕಷ್ಟಸುಖ ಕೇಳಿಸಿಕೊಳ್ಳುವ ತಾಳ್ಮೆಯೇ ಆ ಕಾರ್ಯಕ್ರಮದ ನಿಜವಾದ ಬಂಡವಾಳವಾಗಿತ್ತು. ತಾಯಿಯಿಂದ ಬಂದ ಇನ್ನೊಂದು ಗುಣ ಪಿಆರ್‌ಕೆ ಸಂಸ್ಥೆಯಲ್ಲಿ ವ್ಯಕ್ತವಾಯಿತು. ‘ಕವಲುದಾರಿ’ (2019), ‘ಮಾಯಾಬಜಾರ್ 2016’, ‘ಫ್ರೆಂಚ್ ಬಿರಿಯಾನಿ’ (ಎರಡೂ 2020) ಮುಂತಾದ ಚಿತ್ರಗಳಲ್ಲಿ ತಾವು ನಾಯಕರಾಗದೆ ಬೇರೆಯವರಿಗೆ ರಂಗ ಬಿಟ್ಟುಕೊಟ್ಟರು. ವಂಶದ ಹೆಸರಿನಿಂದ ಬಂದವನು ಹೆಸರಿಲ್ಲದೆ ಬಂದವರಿಗೆ ಬಾಗಿಲು ತೆರೆದದ್ದು ಅವರ ಕೆಲಸಗಳಲ್ಲೆಲ್ಲ ಹೆಚ್ಚು ವಿಚಾರಯೋಗ್ಯವಾದದ್ದು; ಅದರ ಬಗ್ಗೆ ಹುಟ್ಟಿದ ಹಾಡುಗಳು ಮಾತ್ರ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪುನೀತ್ ನಿಧನರಾದ ಕೂಡಲೇ ಅವರ ದಾನಧರ್ಮದ ಲೆಕ್ಕವೊಂದು ಮೊಬೈಲಿನಿಂದ ಮೊಬೈಲಿಗೆ ಹರಡಿತು: ಇಪ್ಪತ್ತಾರು ಅನಾಥಾಲಯ, ನಲವತ್ತೈದು ಶಾಲೆ, ಹದಿನಾರು ವೃದ್ಧಾಶ್ರಮ, ಹತ್ತೊಂಬತ್ತು ಗೋಶಾಲೆ, ಸಾವಿರದೆಂಟುನೂರು ವಿದ್ಯಾರ್ಥಿಗಳು. ಪತ್ರಿಕೆಗಳೂ ಇದನ್ನು ಹಾಗೆಯೇ ಎತ್ತಿ ಬರೆದವು. ಸಂಶೋಧಕರು ಈ ಅಂಕಿಗಳನ್ನು ದಾಖಲೆಯೆಂದು ಸ್ವೀಕರಿಸಬಾರದು. ಇವು ಐತಿಹ್ಯದ ಲಕ್ಷಣವುಳ್ಳವು: ಸ್ಥಿರವಾದ ಸಂಖ್ಯೆಗಳು, ಹೇಳಿದವರು ಯಾರೆಂದು ತಿಳಿಯದಿರುವುದು, ‘ಬದುಕಿದ್ದಾಗ ಯಾರಿಗೂ ಹೇಳಲಿಲ್ಲ’ ಎಂಬ ಸೇರಿಕೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ನಾಣ್ಣುಡಿಯೇ ಇಲ್ಲಿ ಕಥೆಯಾಗಿ ಬೆಳೆದಿದೆ. ಅವರು ಕೊಟ್ಟದ್ದು ಸುಳ್ಳೆಂದು ಇದರ ಅರ್ಥವಲ್ಲ. ಕೊಟ್ಟದ್ದನ್ನು ಜನ ಯಾವ ಅಚ್ಚಿನಲ್ಲಿ ನೆನಪಿಟ್ಟುಕೊಂಡರು ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಅಕಾಲದಲ್ಲಿ ಅಳಿದ ಮಗ

2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ಪುನೀತ್ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡ ವಿಜಯನಗರ ಜಿಲ್ಲೆ ಅದೇ ತಿಂಗಳ 2ರಂದು ಉದ್ಘಾಟನೆಗೊಂಡಿತ್ತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗೆರೆ ಬದಲಾದರೂ ದುಃಖದ ಸೀಮೆ ಒಂದೇ ಆಗಿತ್ತು. ಲಕ್ಷಾಂತರ ಜನ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನ ಪಡೆದರು. 31ರಂದು ಕಂಠೀರವ ಸ್ಟುಡಿಯೋದಲ್ಲಿ ತಂದೆತಾಯಿಯ ಸಮಾಧಿಗಳ ಬಳಿಯಲ್ಲೇ ಅವರನ್ನು ಮಣ್ಣು ಮಾಡಲಾಯಿತು. ಹೊಸಪೇಟೆಯಲ್ಲಿ 2022ರ ಜೂನ್‌ನಲ್ಲಿ ಪ್ರತಿಮೆ ಅನಾವರಣಗೊಂಡಿತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತೇರಿನ ಮುಂದೆ ಅವರ ಭಾವಚಿತ್ರ ಹಿಡಿದು ನಿಲ್ಲುವುದು, ಆಟೋ-ಟ್ರ್ಯಾಕ್ಟರುಗಳ ಮೇಲೆ ಚಿತ್ರ ಬರೆಸುವುದು, ಹುಟ್ಟಿದ ದಿನ ಮತ್ತು ಪುಣ್ಯತಿಥಿ ಎರಡರಂದೂ ಅನ್ನಸಂತರ್ಪಣೆ ನಡೆಸುವುದು ರೂಢಿಗೆ ಬಂದವು.

ಈ ಸೀಮೆಯ ಸ್ಮೃತಿಯಲ್ಲಿ ಇಂಥ ಇನ್ನೊಬ್ಬ ಮಗನಿದ್ದಾನೆ. ಕಂಪ್ಲಿಯ ಅರಸು ಕಂಪಿಲರಾಯನ ಮಗ ಕುಮಾರರಾಮ. 1327ರ ಸುಮಾರಿಗೆ ದೆಹಲಿಯ ಸೈನ್ಯದೊಡನೆ ನಡೆದ ಕಾಳಗದಲ್ಲಿ ಆ ರಾಜ್ಯವೂ ಅಳಿಯಿತು, ಅರಸುಮಗನೂ ಅಳಿದ. ವಿಜಯನಗರ ಹುಟ್ಟುವುದಕ್ಕೂ ಹಿಂದಿನ ಮಾತಿದು. ಹದಿನಾರನೆಯ ಶತಮಾನದ ನಂಜುಂಡಕವಿಯ ಸಾಂಗತ್ಯದಿಂದ ಮೊದಲ್ಗೊಂಡು ದರೋಜಿ ಈರಮ್ಮನವರ ಬುರ್ರಕಥೆಯವರೆಗೆ ಅವನ ಕಥೆ ಹರಿದುಬಂದಿದೆ. ತುಂಗಭದ್ರೆಯ ಆಚೆ ದಂಡೆಯ ಕುಮ್ಮಟದುರ್ಗದಲ್ಲಿ ಅವನಿಗೆ ಪೂಜೆಯುಂಟು. ಮಲೆನಾಡಿನ ಕೆಲವೆಡೆ ಮರದ ಮುಖವಾಗಿ ಪೂಜೆಗೊಳ್ಳುತ್ತಾನೆ. ಕಾವ್ಯಗಳು ಅವನನ್ನು ಕೊಂಡಾಡುವುದು ಶೌರ್ಯಕ್ಕಾಗಿ ಮಾತ್ರವಲ್ಲ, ಪರನಾರಿ ಸಹೋದರನೆಂಬ ಶೀಲಕ್ಕಾಗಿ. ಮಲತಾಯಿ ರತ್ನಾಜಿ ಹೊರಿಸಿದ ಸುಳ್ಳು ಅಪವಾದದಿಂದ ತಂದೆಯೇ ತಲೆ ತೆಗೆಯಲು ಹೇಳಿದಾಗಲೂ ಅವನು ತಂದೆಗೆ ಎದುರಾಡಲಿಲ್ಲ. ಪುನೀತ್ ಅವರ ಅಣ್ಣ ಶಿವರಾಜ್‌ಕುಮಾರ್ 2006ರಲ್ಲಿ ‘ಗಂಡುಗಲಿ ಕುಮಾರರಾಮ’ ಚಿತ್ರದಲ್ಲಿ ಇದೇ ಪಾತ್ರ ವಹಿಸಿದ್ದರು ಎಂಬುದು ಕಾಕತಾಳೀಯವೇ ಇರಬಹುದು.

ಹೋಲಿಕೆಯನ್ನು ಅತಿಯಾಗಿ ಎಳೆಯುವಂತಿಲ್ಲ. ಒಬ್ಬ ಯುದ್ಧದಲ್ಲಿ ಮಡಿದ ವೀರ, ಇನ್ನೊಬ್ಬ ಹಾಸಿಗೆಗೂ ಬೀಳದೆ ಹೋದ ನಟ. ಪುನೀತ್ ಅವರನ್ನು ಶೋಕಿಸಿದವರು ಕುಮಾರರಾಮನನ್ನು ನೆನೆದು ಶೋಕಿಸಿದರು ಎನ್ನಲು ಆಧಾರವೂ ಇಲ್ಲ. ಹೇಳಬಹುದಾದದ್ದು ಇಷ್ಟು: ಹೆಸರುವಾಸಿ ತಂದೆಯ ಮಗ, ಶೀಲವಂತ, ಮಾತು ಮೀರದವನು, ತನ್ನವರಿಗಾಗಿ ಕೊಟ್ಟವನು, ಆಳುವ ವಯಸ್ಸಿನಲ್ಲಿ ಅಳಿದವನು ಎಂಬ ಕಥಾವಿನ್ಯಾಸ ಈ ನೆಲಕ್ಕೆ ಮೊದಲೇ ಗೊತ್ತಿತ್ತು. ಹೊಸ ಸಾವೊಂದು ಬಂದಾಗ ಅದನ್ನು ಇಳಿಸಿಕೊಳ್ಳಲು ಜನಮನಸ್ಸಿನಲ್ಲಿ ಅಚ್ಚು ಸಿದ್ಧವಿತ್ತು. ಇದೇ ಸೀಮೆಯ ಕನ್ನಡ ವಿಶ್ವವಿದ್ಯಾಲಯ ತನ್ನ ನಾಡೋಜ ಗೌರವವನ್ನು ಡಾ. ರಾಜ್‌ಕುಮಾರ್ ಅವರಿಗೂ ನೀಡಿದೆ, 2003ರಲ್ಲಿ ದರೋಜಿ ಈರಮ್ಮನವರಿಗೂ ನೀಡಿದೆ. ಚಿತ್ರನಟ ಮತ್ತು ಅಲೆಮಾರಿ ಗಾಯಕಿ ಒಂದೇ ಪಂಕ್ತಿಯಲ್ಲಿ ಕೂರಬಲ್ಲರೆಂಬ ತಿಳಿವಳಿಕೆ ಪಂಡಿತರಿಗೆ ಬರುವ ಮೊದಲೇ ಸಾಮಾನ್ಯ ಜನರಿಗಿತ್ತು.

ಈ ಶೋಕಕ್ಕೆ ಕರಾಳ ಮುಖವೂ ಉಂಟು. ಸಾವಿನ ಸುದ್ದಿ ಕೇಳಿ ಎದೆಯೊಡೆದು ಸತ್ತವರ, ಜೀವ ಕಳೆದುಕೊಂಡವರ ವರದಿಗಳು ರಾಜ್ಯದ ಹಲವೆಡೆಗಳಿಂದ ಬಂದವು. ಹಾಗೆ ಮಾಡಬೇಡಿರೆಂದು ಕುಟುಂಬದವರು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಒಡೆಯನೊಡನೆ ಪ್ರಾಣ ಬಿಡುವ ಲೆಂಕರ, ಗರುಡರ, ವೇಳೆವಾಳಿಗಳ ಸಂಪ್ರದಾಯ ಕನ್ನಡ ನಾಡಿನ ಶಾಸನಗಳಲ್ಲಿ ಪ್ರಸಿದ್ಧವಾದದ್ದು. ಹಳೇಬೀಡಿನ ಕುವರ ಲಕ್ಷ್ಮನ ಶಾಸನ ಅದರ ಭೀಕರ ಸಾಕ್ಷಿ. ಅದನ್ನು ವೀರವೆಂದು ವೈಭವೀಕರಿಸಿದ ವಿದ್ವಾಂಸರಿದ್ದಾರೆ. ಬಡಮನೆಯ ದುಡಿಯುವ ಮಗನೊಬ್ಬ ಹೀಗೆ ಸತ್ತರೆ ಹಿಂದೆ ಉಳಿದವರ ಪಾಡೇನು ಎಂದು ಕೇಳಿದವರು ಕಡಿಮೆ.

ಆದರೆ ಈ ಬಾರಿ ಅರ್ಪಣೆಯ ಆವೇಶಕ್ಕೆ ಇನ್ನೊಂದು ದಾರಿಯೂ ತೆರೆದಿತ್ತು. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರಬ್ಯಾಂಕು ಆರಂಭವಾಗಿತ್ತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ, 2017ರ ಮೇ 31ರಂದು ಪಾರ್ವತಮ್ಮನವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಮಗನ ಕಣ್ಣುಗಳೂ ಅದೇ ಹಾದಿ ಹಿಡಿದವು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಮುಂಪದರ, ಹಿಂಪದರವೆಂದು ಸೀಳಿ ಬಳಸುವ ಶಸ್ತ್ರಚಿಕಿತ್ಸೆಯಿಂದ ಎರಡು ಕಣ್ಣು ನಾಲ್ವರಿಗೆ ದೃಷ್ಟಿ ಕೊಟ್ಟವು. ಅನಂತರದ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಬಂದವರ ಸಂಖ್ಯೆ ರಾಜ್ಯದಾದ್ಯಂತ ಏರಿತು. ನಾಯಕನಟನಾಗಿ ತಂದೆಯ ಮೊದಲ ಚಿತ್ರ ಕಣ್ಣು ಕಿತ್ತುಕೊಟ್ಟ ಬೇಡನ ಕಥೆ. ಮಗ ಬಾಲ್ಯದಲ್ಲಿ ಆಡಿದ್ದೂ ಅದೇ ಬೇಡನ ಎಳೆತನವನ್ನು. ಮನೆತನದ ಪಾತ್ರವೊಂದು ರಂಗದಿಂದ ಇಳಿದು ಮನೆತನದ ನಡವಳಿಕೆಯಾಗಿ, ಅಲ್ಲಿಂದ ಜನರ ವ್ರತವಾಗಿ ಮಾರ್ಪಟ್ಟ ಈ ಕ್ರಮ ಅಪರೂಪದ್ದು. ಪ್ರಾಣ ಕೊಡುತ್ತೇನೆಂದವನ ಕೈಗೆ ನೇತ್ರದಾನದ ಅರ್ಜಿ ಕೊಟ್ಟದ್ದು ವೇಳೆವಾಳಿಯ ಹಳೆಯ ಭಾವಕ್ಕೆ ಸಿಕ್ಕ ಮಾನವೀಯ ತಿರುವು. ಅಯ್ಯಪ್ಪ ವ್ರತದ ಮಾದರಿಯಲ್ಲಿ ‘ಅಪ್ಪು ಮಾಲೆ’ ಧರಿಸುವ ವಿಚಾರ 2023ರಲ್ಲಿ ಅಭಿಮಾನಿಗಳಿಂದ ಕೇಳಿಬಂದು ಚರ್ಚೆಗೆ ಗುರಿಯಾಯಿತು. ನೋಡುಗನನ್ನು ದೇವರೆಂದ ಮನೆತನದ ಮಗನನ್ನೇ ದೇವರಾಗಿಸುವುದು ಆ ಮನೆತನದ ಮಾತಿಗೇ ವಿರುದ್ಧವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ.

2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ‘ಜೇಮ್ಸ್’ ಚಿತ್ರ ತೆರೆಕಂಡಿತು. ಪುನೀತ್ ತಮ್ಮ ಮಾತುಗಳಿಗೆ ಧ್ವನಿ ಕೊಡುವ ಮೊದಲೇ ತೀರಿಕೊಂಡಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ಧ್ವನಿ ನೀಡಿದ್ದರು. ತೆರೆಯ ಮೇಲೆ ಒಬ್ಬನ ದೇಹ, ಇನ್ನೊಬ್ಬನ ಕೊರಳು. ಬುರ್ರಕಥೆಯಲ್ಲಿ ಸತ್ತ ವೀರನ ಮಾತನ್ನು ಕಥೆಗಾರ್ತಿ ತನ್ನ ಕೊರಳಿನಿಂದ ಆಡುವುದನ್ನು ಕೇಳಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವರ್ಷದ ನವೆಂಬರ್ 1ರಂದು ರಾಜ್ಯ ಸರ್ಕಾರ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ನೀಡಿತು. ತಂದೆಗೆ ಅದು ಸಂದದ್ದು 1992ರಲ್ಲಿ. 2024ರ ಮಾರ್ಚ್ ಕೊನೆಯಲ್ಲಿ ರಾಘವೇಂದ್ರ ರಾಜ್‌ಕುಮಾರ್ ಅವರ ಮಗ ನಾಯಕನಾದ ‘ಯುವ’ ಚಿತ್ರ ಬಿಡುಗಡೆಯಾಯಿತು. ಪುಟ್ಟಸ್ವಾಮಯ್ಯನವರಿಂದ ಎಣಿಸಿದರೆ ಅವರದು ನಾಲ್ಕನೆಯ ತಲೆಮಾರು. ಬಿಡುಗಡೆಗೆ ಮುನ್ನಿನ ದೊಡ್ಡ ಸಭೆಯನ್ನು ಚಿತ್ರತಂಡ ಏರ್ಪಡಿಸಿದ್ದು ಹೊಸಪೇಟೆಯಲ್ಲಿ.